ಬರ್ಫದ ಖಾನೆ

ಬರ್ಫದ ವಿಷಯದಲ್ಲಿ ಬೀಡಿ ಊರಿನ ಸಾತಪ್ಪನಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಹಿಂಡು ಇದ್ದ ಕಾಲದಲ್ಲಿ ಊರಿನ ಅಷ್ಟೂ ಕುರಿಗಳ ಲಸಿಕೆಯನ್ನು ಖಾನಾಪುರದ ದನದ ದವಾಖಾನೆಯಿಂದ ತರುತ್ತಿದ್ದವನು ಅವನೇ. ಹೆಗಲಿಗೆ ಜೋತುಬಿಟ್ಟ ನೀಲಿ ಡಬ್ಬಿ, ಅದರ ತುಂಬ ಬರ್ಫದ ಗಡ್ಡೆಗಳು, ಬರ್ಫದ ನಡುವೆ ಪುಟ್ಟ ಬಾಟಲಿಗಳು. ಬಸ್ಸು ಕೆಟ್ಟು ನಿಂತರೆ ನಡೆದೇ ಬರುತ್ತಿದ್ದ, ದಾರಿಯಲ್ಲಿ ಚಹಾಕ್ಕೂ ಕೂರುತ್ತಿರಲಿಲ್ಲ. “ಬರ್ಫ ಕರಗಿತು ಅಂದ್ರ ಲಸಿಕಿ ಸತ್ತಂಗ, ಸಾತಪ್ಪ” ಎಂದು ಅಲ್ಲಿಯ ಕಂಪೌಂಡರ್ ಎಂದೋ ಹೇಳಿದ್ದನ್ನು ಅವನು ದೇವರ ಮುಂದೆ ಮಾಡಿದ ಆಣೆಯ ಹಾಗೆ ನಡೆಸಿಕೊಂಡು ಬಂದಿದ್ದ. ತಾನು ತಂದ ಲಸಿಕೆ ಒಂದು ಸಲವೂ ಕೆಟ್ಟಿಲ್ಲ ಎಂಬುದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಈಗ ಹಿಂಡಿಲ್ಲ. ಮೊಣಕಾಲು ಸೋತ ಮೇಲೆ ಕುರಿಗಳನ್ನು ಒಂದೊಂದಾಗಿ ಮಾರಿದ್ದ. ಹಿರಿಯ ಮಗ ಸೋಮಲಿಂಗ ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ನೌಕರಿ ಹಿಡಿದು ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ಕಿರಿಯವನು ಶಿವಲಿಂಗ ಊರಲ್ಲೇ ಇದ್ದು ಗದ್ದೆ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಪ್ರಮಿಳಾ ಸಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. ಸಾತಪ್ಪನ ನೀಲಿ ಡಬ್ಬಿ ಅಟ್ಟ ಸೇರಿ ಧೂಳು ತಿನ್ನುತ್ತಿತ್ತು.

ಕಷ್ಟ ಬಂದದ್ದು ಅವನ ಹೆಂಡತಿ ಭೀಮಕ್ಕನ ಕೈಗೆ. ಹೋದ ವರ್ಷ ಸುಗ್ಗಿಯ ಹೊತ್ತಿಗೆ ಅವಳ ಬೆರಳುಗಳು ಬೆಳಿಗ್ಗೆ ಎದ್ದಾಗ ಬಿಚ್ಚದಾದವು. ಮೊದಮೊದಲು ಬಿಸಿನೀರಿನಲ್ಲಿ ಅದ್ದಿ ಬಿಚ್ಚಿಕೊಂಡಳು. ಆಮೇಲೆ ಗೆಣ್ಣುಗಳು ಬಾತುಕೊಂಡವು, ಚಹಾದ ಬಟ್ಟಲು ಹಿಡಿಯಲಾಗಲಿಲ್ಲ, ಕುಪ್ಪಸದ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ನಾಟಿ ಔಷಧವಾಯಿತು, ಖಾನಾಪುರದ ಗುಳಿಗೆಯಾಯಿತು. ಕೊನೆಗೆ ಸೋಮಲಿಂಗ ಇಬ್ಬರನ್ನೂ ಬೆಳಗಾವಿಗೆ ಕರೆದುಕೊಂಡು ಹೋದ. ಅವನ ಹೆಂಡತಿ ಪೂನಮ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಮಾತು ಬಿರುಸು, ಕೈ ಚುರುಕು. ಅತ್ತೆಗೆ ಸೀರೆ ಉಡಿಸಿದಳು, ಹೆರಳು ಹಾಕಿದಳು, ದವಾಖಾನೆಯಲ್ಲಿ ಪಾಳಿ ನಿಂತಳು. ಹಾಗೆ ಮಾಡಿದ್ದನ್ನು ಆಗಾಗ ನೆನಪಿಸಲೂ ಮರೆಯಲಿಲ್ಲ ಅನ್ನಿ.

ಕೀಲುಬೇನೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಭೀಮಕ್ಕನ ಕೈಗಳನ್ನು ಮೆಲ್ಲಗೆ ಹಿಡಿದು ನೋಡಿದರು.

“ಆಯಿ, ಮೈ ಕಾಯಬೇಕಾದ ಶಕ್ತಿನಽ ದಿಕ್ಕ ತಪ್ಪಿ ನಿಮ್ಮ ಕೀಲ ಕಡಿಯಾಕ ಹತ್ತೈತಿ. ಗುಳಿಗಿಗೆ ಇದು ಬಗ್ಗಲಿಲ್ಲ. ಒಂದು ಇಂಜೆಕ್ಷನ್ ಕೊಡ್ತೇನಿ. ಮೊನೊಕ್ಲೋನಲ್ ಆ್ಯಂಟಿಬಾಡಿ ಅಂತಾರ ಇದಕ್ಕ. ಜೀವಂತ ಕೋಶದಾಗ ಬೆಳಸಿ ತಗದದ್ದು. ಮೈಯಾಗ ಹೋಗಿ ಬಾವು ತರೂ ಒಂದಽ ವಸ್ತು ಹುಡಿಕಿ ಹಿಡೀತೈತಿ, ಬ್ಯಾರೇದಕ್ಕ ಕೈ ಹಚ್ಚೂದಿಲ್ಲ.”

ಸಾತಪ್ಪ ಕುರ್ಚಿಯ ತುದಿಗೆ ಬಂದ. “ಅಂದ್ರ ಹಿಂಡು ಕಾಯೂ ನಾಯಿನಽ ಕುರಿ ಕಡಿಯಾಕ ಹತ್ತೈತಿ. ಇದು ಹೋಗಿ ಆ ಒಂದು ನಾಯಿ ಬಾಯಿ ಕಟ್ಟತೈತಿ. ಹೌದಲ್ರಿ ಬಾಯಾರ?”

ಡಾಕ್ಟರು ನಕ್ಕರು. “ಹೌದ್ರಿ ಅಜ್ಜಾರ. ನನಗಿಂತ ಚಲೋ ಹೇಳಿದ್ರಿ.”

ಆ ಮೆಚ್ಚುಗೆಯೇ ಮುಂದೆ ಅವನಿಗೆ ಮುಳುವಾಯಿತು. ಜೀವಂತ ಎಂಬ ಒಂದು ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಡಾಕ್ಟರು ಆಮೇಲೆ ಹೇಳಿದ್ದನ್ನೆಲ್ಲ ಪೂನಮ ಕೇಳಿಸಿಕೊಂಡಳು. ಸಾತಪ್ಪ ತನ್ನ ಜಾಣತನದ ಗುಂಗಿನಲ್ಲೇ ಕೂತಿದ್ದ.

ಹದಿನೈದು ದಿನಕ್ಕೊಂದರಂತೆ ಪೂನಮಳೇ ಅತ್ತೆಯ ತೊಡೆಗೆ ಸೂಜಿ ಚುಚ್ಚಿದಳು. ಮೂರನೆಯದು ಆಗುವಷ್ಟರಲ್ಲಿ ಭೀಮಕ್ಕ ತನ್ನ ಕುಪ್ಪಸದ ಗುಂಡಿ ತಾನೇ ಹಾಕಿಕೊಂಡು ಹೊರಗೆ ಬಂದಳು. ಇನ್ನಷ್ಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಟಪ್ ಟಪ್ ಸದ್ದು ಕೇಳಿಸಿತು. ಸಾತಪ್ಪ ಹೋಗಿ ನೋಡಿದರೆ ಅವಳು ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿ ರೊಟ್ಟಿ ಬಡಿಯುವುದನ್ನು ಅವನು ಅದುವರೆಗೆ ನಿಂತು ನೋಡಿದವನಲ್ಲ. ಅಂದು ಬಾಗಿಲಿಗೆ ಒರಗಿ ನಿಂತು ನೋಡಿದ. ಅವನ ಕಣ್ಣು ತುಂಬಿ ಬಂದವು.

“ಏನ್ ನೋಡ್ತೀರಿ? ಕುಂದರ್ರಿ, ಹಾಕ್ತೇನಿ” ಎಂದಳು.

ರೊಟ್ಟಿ ಬಂದ ಮೇಲೆ ಅವಳಿಗೆ ಊರು ನೆನಪಾಯಿತು.

“ಕೈ ಬಂದ್ವು. ಇನ್ನ ನಮ್ಮ ಮನಿಗೆ ಹೋಗೂಣು” ಎಂದು ಹಟ ಹಿಡಿದಳು.

“ಅತ್ತಿ, ಔಷಧ ಇನ್ನಾ ನಡದೈತಿ. ಇಲ್ಲಿ ಏನ್ ಕಡಿಮಿ ಆಗೈತಿ ನಿಮಗ?” ಎಂದಳು ಪೂನಮ.

“ಕಡಿಮಿ ಏನಿಲ್ಲವ್ವಾ. ಇದು ನಿನ್ನ ಒಲಿ. ನನ್ನ ಒಲಿ ಅಲ್ಲೈತಿ.”

“ಅಂದ್ರ ನಾ ಮಾಡಿದ್ದು ನಿಮಗ ಸೇರಲಿಲ್ಲ.”

“ಹಂಗ ಅಂದ್ನ್ಯಾ ನಾ?”

ಸೋಮಲಿಂಗ ನಡುವೆ ಬಂದು, “ಹೋಗಿ ಬರಲಿ ಬಿಡು, ಅಲ್ಲೂ ನರ್ಸ್ ಅದಾಳ” ಎಂದ. ಪೂನಮ ಮುಖ ಊದಿಸಿಕೊಂಡೇ ಇಂಜೆಕ್ಷನ್ನುಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟಳು. ತಳದಲ್ಲಿ ಬರ್ಫದ ಚೀಲ, ಮೇಲೆ ದಪ್ಪ ರಟ್ಟು, ರಟ್ಟಿನ ಮೇಲೆ ಔಷಧ. “ಮಾವಾರ, ಮುಟ್ಟಿದ ಕೂಡ್ಲೇ ಫ್ರಿಜ್ಜಿನಾಗ ಇಡ್ರಿ. ನಡುವಿನ ಖಾನೇದಾಗ” ಎಂದಳು.

“ನನಗ ಹೇಳ್ತಿಯೇನವಾ? ಜೀವಮಾನ ಎಲ್ಲಾ ಇದನ್ನಽ ಮಾಡೇನಿ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಖಾನಾಪುರ ದಾಟುವಾಗ ಮುಚ್ಚಳ ಸರಿಸಿ ನೋಡಿದ. ರಟ್ಟು ಅವನಿಗೆ ಸರಿ ಕಾಣಲಿಲ್ಲ. ಬರ್ಫ ತಾಗದ ಮೇಲೆ ಬರ್ಫ ಯಾಕೆ? ಪೇಟೆಯ ಹುಡುಗಿಗೆ ಏನು ಗೊತ್ತು ಎಂದುಕೊಂಡು ರಟ್ಟನ್ನು ತೆಗೆದು ಕಿಟಕಿಯಿಂದ ಆಚೆ ಎಸೆದ. ಔಷಧವನ್ನು ಬರ್ಫಕ್ಕೆ ಒತ್ತಿ ಇಟ್ಟು ಮುಚ್ಚಳ ಹಾಕಿದ.

ಬೀಡಿಯ ಮನೆಯಲ್ಲಿ ಒಂದು ಬಾಗಿಲಿನ ಫ್ರಿಜ್ಜಿತ್ತು, ಪ್ರಮಿಳಾಳ ತವರಿನವರು ಕೊಟ್ಟದ್ದು. ಸಾತಪ್ಪ ಅದರ ಮೇಲಿನ ಬರ್ಫದ ಖಾನೆಯನ್ನು ಖಾಲಿ ಮಾಡಿಸಿ, ತಟ್ಟೆಯ ಬರ್ಫದ ನಡುವೆ ಇಂಜೆಕ್ಷನ್ನುಗಳನ್ನು ಮಲಗಿಸಿದ. ಪ್ರಮಿಳಾ ಹಿಂದೆಯೇ ನಿಂತಿದ್ದಳು.

“ಮಾವಾರ, ಪೂನಮಕ್ಕ ಫೋನಿನ್ಯಾಗ ನಡುವಿನ ಖಾನೇದಾಗ ಅಂದ್ಲಲ್ರಿ. ಕೆಳಗ ಇಡೂಣಲ್ರಿ?”

“ಇಲ್ಲಿ ಮಳಿ ಬಂದ್ರ ಕರೆಂಟ್ ಹೊಕ್ಕೈತಿ. ಕೆಳಗಿದ್ದದ್ದು ಒಂದು ತಾಸಿನಾಗ ಬಿಸಿ ಆಕ್ಕೈತಿ. ಬರ್ಫದಾಗಿದ್ದದ್ದು ಬದಕತೈತಿ. ಇದು ಜೀವಂತ ಔಷಧ, ತಂಗಿ. ಡಾಕ್ಟರ್ ಬಾಯಾರು ನನ್ನ ಮುಂದಽ ಹೇಳ್ಯಾರ.”

ಪ್ರಮಿಳಾ ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಈ ಮನೆಯಲ್ಲಿ ಲಸಿಕೆಯ ವಿಷಯ ಮಾವನದು ಎಂದು ಅವಳು ಮದುವೆಯಾಗಿ ಬಂದಾಗಿನಿಂದ ಕೇಳಿದ್ದಳು.

ಆ ವರ್ಷ ಮಳೆಯೂ ಹಾಗೆಯೇ ಹೊಡೆಯಿತು. ಕರೆಂಟು ಹೋದಾಗಲೆಲ್ಲ ಸಾತಪ್ಪ ಫ್ರಿಜ್ಜಿನ ಕಾವಲಿಗೆ ಕೂತ. ನಾಲ್ಕು ವರ್ಷದ ಮೊಮ್ಮಗಳು ಸೃಷ್ಟಿ “ಮುತ್ಯಾ, ಬರ್ಫ ಕೊಡು” ಎಂದು ಅತ್ತರೂ ಬಾಗಿಲು ತೆರೆಯಗೊಡಲಿಲ್ಲ. ಸೂಜಿಯ ದಿನ ಅಟ್ಟದ ನೀಲಿ ಡಬ್ಬಿಯನ್ನು ತೊಳೆದು ಬರ್ಫ ತುಂಬಿ, ಕಲ್ಲಾಗಿದ್ದ ಔಷಧವನ್ನು ಅದರಲ್ಲಿಟ್ಟುಕೊಂಡು ಹೆಂಡತಿಯನ್ನು ಊರಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ತಲುಪಿದ ಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸುತ್ತಿದ್ದ, ಕುರಿಗಳ ಲಸಿಕೆಗೆ ಮಾಡುತ್ತಿದ್ದ ಹಾಗೆ. ನರ್ಸು ಪದ್ಮಶ್ರೀಯ ಕೈಗೆ ಅದು ಹೋಗುವಾಗ ನೀರಾಗಿರುತ್ತಿತ್ತು.

“ಅಜ್ಜಾರ, ಎಷ್ಟು ಕಾಳಜಿ ಮಾಡ್ತೀರಿ ನೀವು” ಎನ್ನುತ್ತಿದ್ದಳು ಅವಳು.

“ಇಲ್ಲಾಂದ್ರ ಸಾಯ್ತೈತಿ ಇದು” ಎನ್ನುತ್ತಿದ್ದ ಸಾತಪ್ಪ.

ಮೊದಲ ತಿಂಗಳು ಎಲ್ಲ ಸುಸೂತ್ರವಾಗಿತ್ತು. ಭೀಮಕ್ಕ ತನ್ನ ಒಲೆಯ ಮುಂದೆ ಕೂತು, ತಾಯಿಯ ಕಾಲದ ಹಂಚಿನ ಮೇಲೆ ರೊಟ್ಟಿ ಸುಟ್ಟಳು. ಪ್ರಮಿಳಾ ಸಾಲೆಯಿಂದ ಬರುವಷ್ಟರಲ್ಲಿ ಪುಂಡಿಪಲ್ಯ ಕುದಿಯುತ್ತಿತ್ತು. “ಅತ್ತಿ, ನೀವು ಕುಂದರ್ರಿ, ನಾ ಬಡೀತೇನಿ” ಎಂದರೆ, “ನೀ ಅಲ್ಲಿ ನೂರು ಹುಡುಗ್ರಿಗೆ ಬೇಯಿಸಿ ಬಂದಿ. ಇದು ನನಗಿರಲಿ” ಎನ್ನುತ್ತಿದ್ದಳು. ಸಾತಪ್ಪನೂ ಸೊಸೆಗೆ, “ಅಕಿ ಕೈಯಾಂದು ಉಂಡು ಭಾಳ ದಿನಾ ಆಗಿತ್ತು, ಮಾಡಲಿ ಬಿಡು” ಎಂದಿದ್ದ.

ಆಮೇಲೆ ರೊಟ್ಟಿ ದಪ್ಪವಾಗತೊಡಗಿತು. ಅಂಚು ಒಡೆಯತೊಡಗಿತು. ಒಂದು ದಿನ ಸಾತಪ್ಪ ತಟ್ಟೆ ನೋಡಿ, “ಏನಿದು, ಭಾಕ್ರಿ ಮಾಡೀಯೋ ಬೆರಣಿ ತಟ್ಟೀಯೋ?” ಎಂದು ಚೇಷ್ಟೆ ಮಾಡಿದ. ಭೀಮಕ್ಕ ನಗಲಿಲ್ಲ. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಹಿಟ್ಟ ಹಳೇದು” ಎಂದಳು.

ಮತ್ತೊಂದು ಸೂಜಿಯಾಯಿತು. “ಇದು ಭಾಳ ಉರೀತೈತ್ರಿ, ಮದಲಿನಂಗಿಲ್ಲ” ಎಂದಳು ದಾರಿಯಲ್ಲಿ.

“ಉರದ್ರ ಔಷಧ ಹತ್ತಿತು ಅಂತ ತಿಳಿ.”

ಶ್ರಾವಣ ಮುಗಿಯುವ ಹೊತ್ತಿಗೆ ಅವಳ ಕೈಯಿಂದ ತಂಬಿಗೆ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದಳು, ಬೆರಳು ಮಡಚಲಿಲ್ಲ. ನೀರು ಹರಿದ ನೆಲದಲ್ಲಿ ಹಾಗೆಯೇ ಕೂತುಬಿಟ್ಟಳು. ಪ್ರಮಿಳಾ ಓಡಿ ಬಂದು ಕೈ ಹಿಡಿದರೆ ಗೆಣ್ಣುಗಳು ಕೆಂಪಗೆ ಕಾದಿದ್ದವು. ಎಷ್ಟು ದಿನದಿಂದ ನುಂಗಿಕೊಂಡಿದ್ದಳೋ. ಹೇಳಿದರೆ ಮತ್ತೆ ಟಿಳಕವಾಡಿಗೆ ಒಯ್ಯುತ್ತಾರೆಂದು ಹೆದರಿ ಬಾಯಿ ಬಿಟ್ಟಿರಲಿಲ್ಲ.

ಶಿವಲಿಂಗ ಅಣ್ಣನಿಗೆ ಫೋನ್ ಮಾಡಿದ. “ಇರೂ ಒಂದು ಇಂಜೆಕ್ಷನ್ ಆಗಲಿ, ನೋಡೂಣು” ಎಂದು ಸಾತಪ್ಪ ಬೆಳಗಾವಿಗೆ ಒಯ್ಯುವುದನ್ನು ತಡೆದ. ಅದನ್ನೂ ಹಾಕಿಸಿದ. ಶಿವಲಿಂಗ ಬೆಳಗಾವಿಗೆ ಹೋಗಿ ಇನ್ನಷ್ಟು ತಂದ. ಅವೂ ಬರ್ಫದ ಖಾನೆಗೆ ಹೋದವು. ಭೀಮಕ್ಕನ ಕೈ ಮಾತ್ರ ದಿನದಿಂದ ದಿನಕ್ಕೆ ಒಳಗೆ ಮುದುಡಿಕೊಳ್ಳುತ್ತ ಹೋಯಿತು.

ಒಂದು ರವಿವಾರ ಸೋಮಲಿಂಗ, ಪೂನಮ ಇಬ್ಬರೂ ಬಂದರು. ಪೂನಮ ಚಪ್ಪಲಿ ಬಿಟ್ಟವಳೇ ಅತ್ತೆಯ ಕೈ ನೋಡಿದಳು. ಮುಖ ಬಿಳಿಚಿತು. ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳ ಬಾಯಿ ಬಿಚ್ಚಿತು.

“ನಾ ಕಳಿಸಿದಾಗ ಈ ಕೈ ಹೆಂಗಿದ್ವು! ಏನ್ ಮಾಡಿಸಿದಿ ಪ್ರಮಿಳಾ ಇವರ ಕಡಿಂದ?”

ಪ್ರಮಿಳಾ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತಳು. “ನಾ ಏನ್ ಮಾಡಿಸಿಲ್ಲಕ್ಕಾ.”

“ರೊಟ್ಟಿ ಯಾರು ಬಡೀತಿದ್ರು?”

“ಅತ್ತಿನಽ ಬಡೀತಿದ್ರು. ಬ್ಯಾಡಂದ್ರೂ ಕೇಳ್ತಿರಲಿಲ್ಲ.”

“ಬ್ಯಾಡ ಅನ್ನೂದು ಹೆಂಗಂತ ಗೊತ್ತೈತಿ ಬಿಡು. ನೀ ಸಾಲಿಗೆ ಹ್ವಾದಿ, ಮುದುಕಿ ಮನಿ ಚಾಕರಿ ಮಾಡಿದ್ಲು. ತಣ್ಣೀರಾಗ ಭಾಂಡೆ ತೊಳಸಿರಬೇಕು.”

“ಪೂನಮ, ಸುಮ್ನಿರು” ಎಂದಳು ಭೀಮಕ್ಕ. “ಅಕೀದು ತಪ್ಪಿಲ್ಲ. ನನ್ನ ಹಣಿಬಾರ.”

ಶಿವಲಿಂಗ ತಟ್ಟೆ ನೋಡುತ್ತ ಕೂತಿದ್ದ. ಹೆಂಡತಿಯ ಪರ ಒಂದು ಮಾತಾಡಲಿಲ್ಲ. ಪ್ರಮಿಳಾ ಮಾವನ ಕಡೆ ನೋಡಿದಳು. ಅವನಿಗೆ ಎಲ್ಲ ಗೊತ್ತಿತ್ತಲ್ಲ. ರೊಟ್ಟಿ ಬೇಕೆಂದವನೇ ಅವನು. ಸಾತಪ್ಪನಿಗೂ ಆ ನೋಟ ತಾಗಿತು. ಆದರೆ ಔಷಧದಲ್ಲಿ ತಪ್ಪಿಲ್ಲ, ತನ್ನ ಕಾಳಜಿಯಲ್ಲಿ ತಪ್ಪಿಲ್ಲ ಎಂದಮೇಲೆ ತಪ್ಪು ಎಲ್ಲೋ ಇರಲೇಬೇಕಲ್ಲ. ಹೆಂಡತಿಯ ಕೈ ನೋಡಿ ನೋಡಿ ಅವನಿಗೆ ಸಿಟ್ಟು ಬಂದಿತ್ತು. ಅದು ಕೈಗೆ ಸಿಕ್ಕವಳ ಮೇಲೆ ಬಿತ್ತು.

“ಬ್ಯಾನಿ ಮನಿಶ್ಯಾಳ ಕೈಲೆ ರೊಟ್ಟಿ ಬಡಸಬಾರದು ಅಂತ ನಿನಗಾದ್ರೂ ತಿಳೀಬೇಕಾಗಿತ್ತವಾ” ಎಂದ. “ನಾ ಔಷಧ ಕಾಯ್ಕೊಂತ ಕುಂತ್ನಿ. ನೀ ಅಷ್ಟು ಮಾಡೂದು ಆಗಲಿಲ್ಲ.”

ಪ್ರಮಿಳಾ ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು. ಮರುದಿನ ಮುಂಜಾನೆ ಸೃಷ್ಟಿಯನ್ನು ಕಂಕುಳಿಗೆ ಹಾಕಿಕೊಂಡು ನಂದಗಡದ ತವರಿಗೆ ಹೊರಟು ನಿಂತಳು. ಶಿವಲಿಂಗ ಅಂಗಳದಲ್ಲಿ ಅಡ್ಡ ನಿಂತ. “ಎಲ್ಲಾರೂ ಆಡಿದ್ದು ನುಂಗತೇನಿ. ನೀವು ಸುಮ್ನ ಕುಂತಿದ್ದು ಹೆಂಗ ನುಂಗಲಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಮೊಮ್ಮಗಳು ಮುತ್ಯಾನಿಗೆ ಟಾಟಾ ಮಾಡಿತು.

ಅದೇ ವಾರ ಭೀಮಕ್ಕನನ್ನು ಬೆಳಗಾವಿಗೆ ತಂದರು. ಡಾಕ್ಟರು ಕೈಗಳ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

“ಇಷ್ಟು ಚಲೋ ಹಿಡದಿದ್ದ ಔಷಧ ಒಮ್ಮೆಲೆ ಹಿಂಗ ಯಾಕ ಬಿಟ್ಟಿತು? ಡೋಸ್ ತಪ್ಪಿಸಿದ್ರೇನು?”

“ಒಂದೂ ತಪ್ಪಿಲ್ರಿ ಬಾಯಾರ” ಎಂದ ಸಾತಪ್ಪ.

“ಬಿಸಿ ತಾಗಿತ್ತೇನು? ನಿಮ್ಮ ಕಡೆ ಕರೆಂಟ್ ಹೊಕ್ಕೈತಲ್ಲ?”

ಸಾತಪ್ಪ ಎದ್ದು ನಿಂತ. ತನ್ನ ಬಗ್ಗೆ ಯಾರಾದರೂ ಇದನ್ನೊಂದು ಕೇಳಲಿ ಎಂದು ಅಷ್ಟು ದಿನದಿಂದ ಕಾದಿದ್ದ ಹಾಗೆ ಎದೆ ಉಬ್ಬಿಸಿದ. “ಒಂದು ಗಳಿಗಿನೂ ಬಿಸಿ ತಾಗಿಸಿಲ್ರಿ. ಬರ್ಫದಾಗಽ ಇಟ್ಟೇನಿ. ಕರೆಂಟ್ ಹ್ವಾದ್ರ ಫ್ರಿಜ್ಜಿನ ಮುಂದ ಕುಂತೇನಿ. ಬಸ್ಸಿನ್ಯಾಗ ಬರ್ಫ, ಮನ್ಯಾಗ ಬರ್ಫ, ದವಾಖಾನಿ ಮುಟ್ಟೂ ತನಕಾ ಬರ್ಫ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಬರ್ಫದಾಗ ಅಂದ್ರ? ಮ್ಯಾಲಿನ ಖಾನೇದಾಗ?”

“ಹೌದ್ರಿ.”

“ಗಟ್ಟಿ ಆಗಿತ್ತೇನು?”

“ಕಲ್ಲಿನಂಗ್ರಿ” ಎಂದ ಸಾತಪ್ಪ, ನಗುತ್ತ.

ಪೂನಮ ಬಾಯಿಗೆ ಸೆರಗು ಒತ್ತಿಕೊಂಡಳು. ಸೋಮಲಿಂಗ ಗೋಡೆಯ ಕಡೆ ತಿರುಗಿದ. ಡಾಕ್ಟರು ಮೆಲ್ಲಗೆ ಹೇಳಿದರು.

“ಅಜ್ಜಾರ, ಇದು ಬಿಸಿ ಆದ್ರೂ ಕೆಡತೈತಿ, ಬರ್ಫ ಆದ್ರೂ ಕೆಡತೈತಿ. ತಂಪಿರಬೇಕು ಅಷ್ಟಽ, ಹೆಪ್ಪಾಗಬಾರದು. ಹೆಪ್ಪಾತು ಅಂದ್ರ ಅದರ ಕಟ್ಟು ಮುರೀತೈತಿ. ಕರಗಿದ ಮ್ಯಾಲೆ ನೋಡಾಕ ಹಂಗಽ ಕಾಣಿಸ್ತೈತಿ ಖರೇ, ಆದ್ರ ಹಿಡಿಯಬೇಕಾದ್ದನ್ನ ಹಿಡಿಯೂದಿಲ್ಲ.”

“ಕುರಿ ಲಸಿಕಿ…” ಎಂದ ಸಾತಪ್ಪ.

“ಅದು ಬ್ಯಾರೆ, ಇದು ಬ್ಯಾರೆ ಅಜ್ಜಾರ.”

ಅವನು ಇನ್ನೂ ನಿಂತೇ ಇದ್ದ. ಕೂರಬೇಕೆಂಬುದು ಹೊಳೆಯಲಿಲ್ಲ. ಆಗ ಭೀಮಕ್ಕನ ದನಿ ಕೇಳಿತು.

“ಇವರಿಗೆ ನೆಪ್ಪಿರೂದಿಲ್ರಿ ಬಾಯಾರ. ಇವರು ಕೆಳಗಽ ಇಟ್ಟಿದ್ರು. ಎತ್ತಿ ಮ್ಯಾಲಿನ ಖಾನೇದಾಗ ಇಟ್ಟಾಕಿ ನಾನ್ರಿ. ಬಯ್ಯೂದಿದ್ರ ನನಗ ಬಯ್ರಿ.”

ಎಲ್ಲರೂ ಅವಳ ಕಡೆ ನೋಡಿದರು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಎರಡು ಕೈಗಳೂ ಮಡಿಲಲ್ಲಿ ಮುದುಡಿ ಬಿದ್ದಿದ್ದವು. ಫ್ರಿಜ್ಜಿನ ಬಾಗಿಲು ಎಳೆಯುವುದಿರಲಿ, ಸೆರಗು ಸರಿಸಿಕೊಳ್ಳಲೂ ಬಾರದ ಕೈಗಳು. ಆ ಸುಳ್ಳನ್ನು ಅಲ್ಲಿದ್ದವರಲ್ಲಿ ಯಾರೂ ನಂಬಲಿಲ್ಲ, ಸುಳ್ಳು ಎಂದು ಯಾರೂ ಅನ್ನಲೂ ಇಲ್ಲ. ಸಾತಪ್ಪನಿಗೆ ಅವಳು ಎಲ್ಲರೆದುರು ತನ್ನ ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಸುಳ್ಳ ಹೇಳ್ತಾಳ್ರಿ ಅಕಿ” ಎಂದ. “ನಾನಽ ಇಟ್ಟಿದ್ನಿ. ಸೊಸಿ ಬ್ಯಾಡ ಅಂದಿದ್ಲು.”

ಬಗ್ಗಿದ ಬೆರಳು ಬಗ್ಗಿದ್ದೇ, ಅವನ್ನು ನೆಟ್ಟಗೆ ಮಾಡಲು ಬರುವುದಿಲ್ಲ ಎಂದರು ಡಾಕ್ಟರು. ಹೊಸದಾಗಿ ರಕ್ತ ಪರೀಕ್ಷೆ ಮಾಡಿ, ಇದೇ ಜಾತಿಯ ಇನ್ನೊಂದು ಔಷಧವನ್ನು ದವಾಖಾನೆಯಲ್ಲೇ ಮಲಗಿಸಿ ಸಲೈನ್ ಹಾಕಿದಂತೆ ಕೊಡುವುದು. ಉಳಿದ ಕೀಲುಗಳನ್ನಾದರೂ ಕಾಯಬಹುದು. ಊರಿನಿಂದ ಓಡಾಡುವುದು ಬೇಡ, ಇಲ್ಲಿಯೇ ಇರಬೇಕು.

“ಬೀಡಿಗೆ ಯಾವಾಗ ಹೋಗಬಹುದ್ರಿ?” ಎಂದು ಭೀಮಕ್ಕ ಕೇಳಿದಳು.

“ನೋಡೂಣು ಆಯಿ” ಎಂದರು ಡಾಕ್ಟರು. ಅದರ ಅರ್ಥ ಎಲ್ಲರಿಗೂ ತಿಳಿಯಿತು.

ಟಿಳಕವಾಡಿಯ ಮನೆಯಲ್ಲಿ ಪೂನಮ ಮಾವನಿಗೆ ಒಂದೂ ಬಿರುಸು ಮಾತು ಆಡಲಿಲ್ಲ. ಚಹಾ ಕೊಡುವಾಗ “ತಗೋರಿ ಮಾವಾರ” ಎಂದು ಮೆತ್ತಗೆ ಹೇಳಿದಳು. ಆ ಮೆತ್ತಗಿನ ದನಿ ಅವನಿಗೆ ಸಹಿಸಲಾಗಲಿಲ್ಲ. ನಾಲ್ಕಾರು ದಿನ ಅವನು ಅಂಗಳದಲ್ಲಿ, ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕೂತು ಕಾಲ ಕಳೆದ. ಕೊನೆಗೆ ಒಂದು ಬೆಳಿಗ್ಗೆ ಭೀಮಕ್ಕನ ಮುಂದೆ ಬಂದು ನಿಂತ.

“ನಂದಗಡಕ್ಕ ಹೋಗಿ ಬರ್ತೇನಿ. ಪ್ರಮಿಳಾನ್ನ ಕರೀತೇನಿ.”

ಭೀಮಕ್ಕ ಅವನನ್ನು ತಡೆದಳು. “ಮದಲ ಬೀಡಿಗೆ ಹೋಗ್ರಿ. ನನ್ನ ಹಂಚು ಐತಲ್ಲ, ನಮ್ಮವ್ವ ಕೊಟ್ಟದ್ದು, ಅದನ್ನ ತಗೊಂಡು ಹೋಗಿ ಅಕಿ ಕೈಯಾಗ ಕೊಡ್ರಿ. ಒಲಿ ಇನ್ನ ನಿಂದಽ ಅಂತ ಹೇಳ್ರಿ.”

“ನೀ ಮತ್ತ ಹೋಗತಿ ಊರಿಗೆ. ಹಿಂಗ್ಯಾಕ ಮಾತಾಡ್ತಿ?”

“ಹೇಳಿದ್ದು ಮಾಡ್ರಿ” ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದೇ ಇಲ್ಲ.

ಹಂಚನ್ನು ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿಕೊಂಡು ಸಾತಪ್ಪ ನಂದಗಡ ಮುಟ್ಟಿದ. ಪ್ರಮಿಳಾ ತವರಿನ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದ್ದು ನೀರು ತಂದುಕೊಟ್ಟಳು, ಬಾಗಿಲಲ್ಲಿ ನಿಂತಳು.

“ತಪ್ಪು ನಂದಽ ಐತಿ ತಂಗಿ” ಎಂದ. “ಬರ್ಫದಾಗ ಇಟ್ಟು ಔಷಧ ಕೆಡಿಸಿದ್ನಿ. ಡಾಕ್ಟರ್ ಬಾಯಾರು ಹೇಳಿದ್ರು. ನೀ ಅಂದು ಕೆಳಗ ಇಡೂಣು ಅಂದಿದ್ದಿ. ನಾ ಕೇಳಲಿಲ್ಲ. ಮ್ಯಾಲೆ ನಿನಗಽ ಬೈದ್ನಿ.”

ಪ್ರಮಿಳಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಬರ್ಫದಿಂದ ಕೆಡತೈತಿ ಅಂತ ನನಗೂ ಗೊತ್ತಿರಲಿಲ್ಲ ಮಾವಾರ. ಗೊತ್ತಿದ್ರ ನಿಮ್ಮ ಕೈಯಾಗಿಂದ ಕಸಗೊಂಡು ಕೆಳಗ ಇಡ್ತಿದ್ನಿ. ಅದಕ್ಕ ನನಗ ಸಿಟ್ಟಿಲ್ಲ.” ಅವಳು ಮಾವನ ಮುಖವನ್ನೇ ನೋಡಿದಳು. “ಅಕಿ ಕೈಯಾಂದು ಉಣ್ಣಬೇಕು ಅಂದವರು ನೀವು. ಎಲ್ಲಾರ ಮುಂದ ನನ್ನ ಮ್ಯಾಲೆ ಹಾಕಿದಾಗ ಅದು ನೆಪ್ಪಿತ್ತಲ್ರಿ ನಿಮಗ?”

“ಇತ್ತು” ಎಂದ ಸಾತಪ್ಪ.

ಕಂಬಳಿ ಬಿಚ್ಚಿ ಹಂಚನ್ನು ಅವಳ ಮುಂದೆ ಇಟ್ಟ. ಭೀಮಕ್ಕ ಹೇಳಿ ಕಳಿಸಿದ್ದನ್ನು ಹೇಳಿದ. ಅದುವರೆಗೆ ಬಿಗಿಹಿಡಿದಿದ್ದ ಪ್ರಮಿಳಾ ಹಂಚನ್ನು ನೋಡಿದ್ದೇ ಅದರ ಮುಂದೆ ಕೂತುಬಿಟ್ಟಳು. ಆ ಹಂಚಿಗೆ ಭೀಮಕ್ಕ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ತಿಕ್ಕುವುದೂ ತಾನೇ, ಎಣ್ಣೆ ಸವರಿ ಗೂಟಕ್ಕೆ ನೇತುಹಾಕುವುದೂ ತಾನೇ.

“ಅತ್ತಿ ಇನ್ನ ಬರೂದಿಲ್ಲೇನ್ರಿ?” ಎಂದು ಕೇಳಿ ಜೋರಾಗಿ ಅತ್ತಳು. ಸೃಷ್ಟಿ ಬಂದು ಅವ್ವನ ಕೊರಳು ತಬ್ಬಿಕೊಂಡು, ಮುತ್ಯಾನನ್ನು ದುರುಗುಟ್ಟಿ ನೋಡಿತು.

ಎಂಟು ದಿನ ಬಿಟ್ಟು ಪ್ರಮಿಳಾ ಬೀಡಿಗೆ ಮರಳಿದಳು. ಸಾಲೆಯ ಕೆಲಸ ಬಿಡುವ ಹಾಗಿರಲಿಲ್ಲ. ಶಿವಲಿಂಗನ ಸಂಗಡ ಬೇಕಾದಷ್ಟೇ ಮಾತು. ಸಾತಪ್ಪ ನಡುವೆ ಒಮ್ಮೆ ಊರಿಗೆ ಹೋದಾಗ ಕೈಕಾಲಿಗೆ ನೀರು ಕೊಟ್ಟಳು, ಊಟಕ್ಕೂ ಹಾಕಿದಳು. ಇನ್ನೊಂದು ರೊಟ್ಟಿ ಎಂದು ಮಾತ್ರ ಒತ್ತಾಯ ಮಾಡಲಿಲ್ಲ. ಆ ದಿನವೇ ದನದ ದವಾಖಾನೆಯ ಹೊಸ ಕಂಪೌಂಡರ್ ದಾರಿಯಲ್ಲಿ ಸಿಕ್ಕು, “ಅಜ್ಜಾರ, ಕುರಿ ಲಸಿಕಿ ಬಂದಾವ, ನಿಮ್ಮ ಡಬ್ಬಿ ತಗೊಂಡು ಬರ್ರಿ” ಎಂದ. ಸಾತಪ್ಪ ಮನೆಗೆ ಹೋಗಿ ನೀಲಿ ಡಬ್ಬಿಯನ್ನು ಶಿವಲಿಂಗನ ಕೈಗೆ ಕೊಟ್ಟು, “ಯಾರಿಗರೆ ಕೊಟ್ಟು ಬಿಡು” ಎಂದು ಸಂಜೆಯ ಬಸ್ಸಿಗೇ ಬೆಳಗಾವಿಗೆ ಹಿಂದಿರುಗಿದ.

ಭೀಮಕ್ಕನಿಗೆ ದವಾಖಾನೆಯ ಹೊಸ ಔಷಧ ಎರಡು ಸಲ ಆಗಿತ್ತು. ಬಾವು ಸ್ವಲ್ಪ ಇಳಿದಿತ್ತು, ನೋವೂ ಸ್ವಲ್ಪ ಇಳಿದಿತ್ತು. ಬೆರಳು ಮಾತ್ರ ಹಾಗೆಯೇ ಇದ್ದವು. ಅವನು ಬಂದಾಗ ಊಟದ ಹೊತ್ತು. ಪೂನಮ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಾಕಿಟ್ಟಳು. ಈಗೀಗ ಭೀಮಕ್ಕನಿಗೆ ಉಣಿಸುವುದು ಸಾತಪ್ಪನ ಕೆಲಸವಾಗಿತ್ತು. ಅದನ್ನು ಅವನೇ ಕೇಳಿ ಪಡೆದಿದ್ದ.

ರೊಟ್ಟಿ ಮುರಿದು, ಝುಣಕ ಹಚ್ಚಿ, ಅವಳ ಬಾಯಿಯ ಬಳಿಗೆ ಒಯ್ದ. ಅವಳು ಬಾಯಿ ತೆರೆಯಲಿಲ್ಲ.

“ನೀವು ಮದಲ ಉಣ್ರಿ.”

“ದಿನಾ ಇದಽ ಆತು ನಿಂದು. ನೀ ಉಣ್ಣು, ಆಮ್ಯಾಲೆ ನಾ ಉಣ್ತೇನಿ.”

“ನಿಮಗಿಂತ ಮದಲ ನಾ ಎಂದರೆ ಉಂಡೇನಿ? ಊರಿಂದ ಹಸದು ಬಂದೀರಿ. ಆರಿದ್ರ ನಿಮಗ ಸೇರೂದಿಲ್ಲ. ಬಿಸಿ ಇದ್ದಾಗ ಉಣ್ರಿ.”

ಅವನು ತುತ್ತು ಹಿಡಿದೇ ಕೂತ. ಅವಳು ತುಟಿ ಬಿಗಿದೇ ಕೂತಳು. ಅವಳ ಕೈಯಲ್ಲಿ ಇನ್ನೂ ಉಳಿದಿದ್ದ ಪದ್ಧತಿ ಅದೊಂದೇ ಎಂದು ಅವನಿಗೆ ಅರ್ಥವಾಯಿತು. ಆ ತುತ್ತನ್ನು ತನ್ನ ಬಾಯಿಗೇ ಇಟ್ಟುಕೊಂಡ. ಅಳು ಬರುತ್ತಿತ್ತು. ಆದರೂ ಅವಳ ಪಾಲು ಆರಬಾರದೆಂದು, ಅವಳು ಸಾಕು ಎನ್ನುವವರೆಗೆ ಬೇಗ ಬೇಗ ಅಗಿದು ನುಂಗಿದ. ಆಮೇಲೆ ಅವಳಿಗೆ ಮುರಿದುಕೊಟ್ಟ. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿತ್ತು.